ಓದುಗರು ಕೇಳಿದ್ದು: ಅಂದಿನ ಗಾಯಕರಿಗೆ ಇಂದಿನವರು ಸಮವೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಮತ್ತು ಹೊಸ ಸಿನಿಮಾ ಗಾಯಕರ ಹೋಲಿಕೆಯ ಸುತ್ತಲೇ ಇದ್ದವು. ಅವುಗಳಲ್ಲಿ ಆರನ್ನು ಆರಿಸಿ, ನಮ್ಮ ಸಂಗೀತ ಬಳಗ ಉತ್ತರಿಸಿದೆ.

ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮಟ್ಟಕ್ಕೆ ಇಂದಿನ ಗಾಯಕರು ಬರುತ್ತಾರೆಯೇ? ನಮ್ಮ ಮನೆಯಲ್ಲಿ ತಂದೆ ಮತ್ತು ಮಗನ ನಡುವೆ ಇದೇ ಜಗಳ. — ಓದುಗರು, ಹಾಸನ

ಕಂಠದ ಮಾತಾದರೆ ಖಂಡಿತ ಬರುತ್ತಾರೆ. ವಿಜಯ್ ಪ್ರಕಾಶ್, ಶ್ರೇಯಾ ಘೋಷಾಲ್, ಸಂಜಿತ್ ಹೆಗ್ಡೆ ಅವರ ಶ್ರುತಿಜ್ಞಾನ, ಉಸಿರಿನ ಹಿಡಿತ ಯಾವ ಕಾಲದಲ್ಲಿದ್ದರೂ ಸಲ್ಲುವಂಥದ್ದು. ಸೊರಗಿರುವುದು ಹಾಡು ತಯಾರಾಗುವ ಬಗೆ. ತಂದೆ ಮತ್ತು ಮಗ ಇಬ್ಬರೂ ಗಾಯಕರ ಬಗ್ಗೆ ವಾದಿಸುತ್ತಿದ್ದಾರೆ, ಆದರೆ ಕಿವಿಗೆ ಬೀಳುತ್ತಿರುವ ವ್ಯತ್ಯಾಸದ ದೊಡ್ಡ ಪಾಲು ಇರುವುದು ಸ್ಟುಡಿಯೋದಲ್ಲಿ.

1960–70ರ ದಶಕಗಳಲ್ಲಿ ಕನ್ನಡ ಹಾಡುಗಳ ಧ್ವನಿಮುದ್ರಣ ಬಹುಪಾಲು ಮದರಾಸಿನಲ್ಲೇ ಆಗುತ್ತಿತ್ತು. ಜಿ.ಕೆ. ವೆಂಕಟೇಶ್ ಅಥವಾ ರಾಜನ್–ನಾಗೇಂದ್ರ ಹಾರ್ಮೋನಿಯಂ ಮುಂದೆ ಕೂತರೆ ಚಿ. ಉದಯಶಂಕರ್ ಅವರಂಥ ಕವಿ ಪಕ್ಕದಲ್ಲೇ ಇರುತ್ತಿದ್ದರು. ಗಾಯಕರು ಬಂದು ಹಾಡು ಕಲಿತು, ವಾದ್ಯಗಾರರೊಂದಿಗೆ ರಿಹರ್ಸಲ್ ಮಾಡಿ, ಆಮೇಲೆ ಎಲ್ಲರೂ ಒಟ್ಟಿಗೇ ಮೈಕಿನ ಮುಂದೆ ನಿಲ್ಲುತ್ತಿದ್ದರು. ಮುದ್ರಣ ಮೊನೊ. ಪಿಟೀಲು, ತಬಲಾ, ಕೊಳಲು, ಕಂಠ ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತು ಕೂರುತ್ತಿದ್ದವು. ಎರಡನೇ ಚರಣದ ಕೊನೆಯಲ್ಲಿ ತಬಲಾದವರ ಒಂದು ಪೆಟ್ಟು ಜಾರಿದರೂ ಪಲ್ಲವಿಯಿಂದ ಮತ್ತೆ ಶುರು. ಆಮೇಲೆ ಕಂಠವನ್ನಷ್ಟೇ ಏರಿಸುವ, ಇಳಿಸುವ ಅವಕಾಶವೂ ಇರಲಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿಯುವುದು, ಮಂದ್ರಕ್ಕೆ ಇಳಿದಾಗ ಹತ್ತಿರ ಬಾಗುವುದು ಗಾಯಕರದೇ ಕೆಲಸ. ಶ್ರೀನಿವಾಸ್ ಅವರ ಮೆಲುದನಿ ಕಿವಿಯ ಪಕ್ಕದಲ್ಲೇ ಹಾಡಿದಂತೆ ಕೇಳುವುದಕ್ಕೆ ಅವರ ಈ ಮೈಕ್ ವಿದ್ಯೆಯೂ ಕಾರಣ.

ಈಗ ಗಾಯಕರ ಮೊಬೈಲಿಗೆ ಒಂದು ಟ್ರ್ಯಾಕ್ ಬರುತ್ತದೆ. ಕೀಬೋರ್ಡು, ತಾಳಕ್ಕೆ ಕ್ಲಿಕ್, ಮೇಲೊಂದು ಡಮ್ಮಿ ಕಂಠ, ಅಂದರೆ ಮಾದರಿಗಾಗಿ ಬೇರೆಯವರು ಹಾಡಿಟ್ಟದ್ದು. ಸ್ಟುಡಿಯೋದಲ್ಲಿ ಸಾಲು ಸಾಲಾಗಿ ಹಾಡಿಸಿ, ಒಂದೊಂದು ಸಾಲಿಗೆ ನಾಲ್ಕೈದು ಟೇಕ್ ತೆಗೆದು, ಚೆನ್ನಾಗಿರುವ ಪದಗಳನ್ನು ಆಯ್ದು ಜೋಡಿಸುತ್ತಾರೆ. ತಪ್ಪು ಉಳಿಯುವುದಿಲ್ಲ ನಿಜ. ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಭಾವ ಬೆಳೆಯುತ್ತ ಹೋಗುವುದೂ ಇಲ್ಲ. ಪಲ್ಲವಿ ಮೂರನೇ ಸಲ ಬಂದಾಗ ಗಮನಿಸಿ: ಹಳೆಯ ಹಾಡಿನಲ್ಲಿ ಪ್ರತಿ ಸಲವೂ ಒಂದು ಸಣ್ಣ ತಿರುವು, ಒಂದು ಒತ್ತು ಬೇರೆ ಇರುತ್ತದೆ. ಹೊಸತರಲ್ಲಿ ಎಷ್ಟೋ ಕಡೆ ಮೊದಲ ಪಲ್ಲವಿಯನ್ನೇ ನಕಲು ಮಾಡಿ ಅಂಟಿಸಿರುತ್ತಾರೆ.

ಇಂದಿನವರಿಗೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎದುರಿಗೆ ವಾದ್ಯಗಾರರಿಲ್ಲ, ಯುಗಳಗೀತೆಯ ಜೊತೆಗಾರರು ಬೇರೆ ಊರಿನಲ್ಲಿ ಬೇರೆ ದಿನ ಹಾಡಿರುತ್ತಾರೆ, ಸನ್ನಿವೇಶ ಏನೆಂದು ಒಂದು ವಾಕ್ಯದಲ್ಲಿ ಹೇಳಿರುತ್ತಾರೆ. ಹೆಡ್‌ಫೋನಿನ ಟಿಕ್ ಟಿಕ್ ಕೇಳುತ್ತ ಭಾವ ತರುವುದು ಸುಲಭದ ಮಾತಲ್ಲ. 1967ರಲ್ಲಿ ಕನ್ನಡಕ್ಕೆ ಬಂದ ಎಸ್‌ಪಿಬಿ ಈ ಎರಡೂ ಪದ್ಧತಿಗಳಲ್ಲಿ ಹಾಡಿದರು. ಎರಡರಲ್ಲೂ ಗೆದ್ದ ಅವರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಹೋಲಿಕೆ ಸರಿಯಾಗುತ್ತದೆ.

ಮನೆಯ ಜಗಳಕ್ಕೆ ಒಂದು ಪರೀಕ್ಷೆ ಇದೆ. ಹಳೆಯ ಕಾಲದ ಹತ್ತು ಅತ್ಯುತ್ತಮ ಹಾಡುಗಳನ್ನೂ ಈ ವಾರ ರೇಡಿಯೋದಲ್ಲಿ ಬಂದ ಹತ್ತು ಹಾಡುಗಳನ್ನೂ ಎದುರುಬದುರು ಇಡಬೇಡಿ. ಒಂದೇ ಒಂದು ಹಳೆಯ ವರ್ಷ ಹಿಡಿಯಿರಿ, 1974 ಅನ್ನಿ. ಆ ವರ್ಷದ ಎಲ್ಲ ಚಿತ್ರಗಳ ಎಲ್ಲ ಹಾಡುಗಳನ್ನೂ ಕೇಳಿ, ಸಾಧಾರಣವಾದವನ್ನೂ ಬಿಡದೆ. ಆಮೇಲೆ 2022ರದ್ದನ್ನು ಹಾಗೆಯೇ ಕೇಳಿ. ಐವತ್ತು ವರ್ಷ ಉಳಿದು ಬಂದದ್ದು ಸಹಜವಾಗಿಯೇ ಗಟ್ಟಿ, ಅಂದಿನ ಜೊಳ್ಳು ಎಂದೋ ಹಾರಿಹೋಗಿದೆ.

ಮುಂಬೈ ಗಾಯಕರ ಬಾಯಲ್ಲಿ ಕನ್ನಡ ಕೆಡುತ್ತದೆ. ಆದರೆ ಪಿಬಿಎಸ್, ಜಾನಕಿ ಕೂಡ ಕನ್ನಡದವರಲ್ಲವಲ್ಲ, ಅವರದ್ದು ಹೇಗೆ ಅಷ್ಟು ಸ್ಪಷ್ಟ? — ನಿವೃತ್ತ ಶಿಕ್ಷಕಿ, ಸಾಗರ

ಬಹಳ ಒಳ್ಳೆಯ ಪ್ರಶ್ನೆ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಜಾನಕಿ, ಎಸ್‌ಪಿಬಿ, ಪಿ. ಸುಶೀಲಾ ಎಲ್ಲರೂ ತೆಲುಗಿನವರು. ತೆಲುಗಿನಲ್ಲಿ ಕನ್ನಡದಂತೆಯೇ ಹ್ರಸ್ವ ‘ಎ’, ‘ಒ’ ಇವೆ, ‘ಳ’, ‘ಣ’ ಇವೆ, ಪದಗಳು ಬಹುಪಾಲು ಸ್ವರಾಕ್ಷರದಲ್ಲೇ ಮುಗಿಯುತ್ತವೆ. ಅವರ ನಾಲಿಗೆಗೆ ಕನ್ನಡದ ಈ ಧ್ವನಿಗಳು ಹೊಸತೇ ಅಲ್ಲ.

ಹಿಂದಿ ಬಲ್ಲ ಗಾಯಕರು ಸಾಹಿತ್ಯವನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಹಿಂದಿ ಬರೆಯುವ ಲಿಪಿಯಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಅಕ್ಷರವೇ ಇಲ್ಲ. ಹಾಗಾಗಿ ‘ಕೊಡು’ ಹೋಗಿ ‘ಕೋಡು’ ಆಗುತ್ತದೆ, ‘ಕೆರೆ’ ‘ಕೇರೇ’ ಆಗುತ್ತದೆ. ‘ಮನ’ದ ಕೊನೆಯ ಅಕಾರ ನುಂಗಿ ‘ಮನ್’ ಎನ್ನುವುದೂ ಹಿಂದಿಯ ಅಭ್ಯಾಸವೇ. ‘ಳ’ ಎಂಬಲ್ಲಿ ‘ಲ’ ಬರುವುದು ಎಲ್ಲರಿಗೂ ಗೊತ್ತು, ಆದರೆ ಅರ್ಥವನ್ನು ಹೆಚ್ಚು ಕೆಡಿಸುವುದು ಹ್ರಸ್ವ–ದೀರ್ಘಗಳ ಈ ಗೊಂದಲ. ಸರಿಪಡಿಸಲು ಹೆಚ್ಚೇನೂ ಬೇಕಿಲ್ಲ: ಹ್ರಸ್ವ ‘ಎ’, ‘ಒ’ ಬರುವಲ್ಲೆಲ್ಲ ಹಾಳೆಯ ಮೇಲೆ ಒಂದು ಗುರುತು ಹಾಕಿಕೊಡುವುದು, ಟ್ಯೂನ್ ಇಲ್ಲದೆ ಇಡೀ ಹಾಡನ್ನು ಎರಡು ಸಲ ಓದಿಸುವುದು, ಧ್ವನಿಮುದ್ರಣದ ವೇಳೆ ಕವಿ ಅಥವಾ ಕನ್ನಡ ಬಲ್ಲ ಸಹಾಯಕರು ಸ್ಟುಡಿಯೋದಲ್ಲಿ ಇರುವುದು. ಸೋನು ನಿಗಮ್, ಶ್ರೇಯಾ ಘೋಷಾಲ್ ಅವರ ಒಳ್ಳೆಯ ಕನ್ನಡ ಹಾಡುಗಳನ್ನು ಕೇಳಿದರೆ ಬೇರೆ ಭಾಷೆಯವರಿಗೂ ಇದು ಸಾಧ್ಯ ಎಂದು ತಿಳಿಯುತ್ತದೆ. ತಪ್ಪು ಉಚ್ಚಾರಣೆಯ ಹಾಡು ಹೊರಬಂದರೆ ಹೊಣೆಯನ್ನು ಮೊದಲು ಹೊರಬೇಕಾದವರು ಹಾಡಿಸಿದವರು.

ಹಾಡಿನಲ್ಲಿ ಆಟೋಟ್ಯೂನ್ ಬಳಸಿದ್ದಾರೆಂದು ಕೇಳಿಯೇ ಹೇಳಬಹುದೇ? — ಓದುಗರು, ಧಾರವಾಡ

ಸ್ವಲ್ಪ ಅಭ್ಯಾಸವಾದರೆ ಹೇಳಬಹುದು. ಕಂಠದ ಶ್ರುತಿಯನ್ನು ತಿದ್ದುವ ಸಾಫ್ಟ್‌ವೇರ್ ಆದ ಆಟೋಟ್ಯೂನ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಹಾಡುಗಳಲ್ಲಿ ಅದು ಇರಲು ಸಾಧ್ಯವಿಲ್ಲ.

ಫೋನಿನ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿ. ಮೊದಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾಗ ಕೇಳಿ. ಸಹಜ ಕಂಠ ಜಾರುತ್ತ ಹೋಗುತ್ತದೆ. ಗಟ್ಟಿಯಾಗಿ ತಿದ್ದಿದ ಕಂಠ ಮೆಟ್ಟಿಲು ಹತ್ತಿದಂತೆ ಒಮ್ಮೆಲೇ ಅಲ್ಲಿಗೆ ಹೋಗಿ ಕೂರುತ್ತದೆ. ಆಮೇಲೆ ಉದ್ದ ಸ್ವರದ ಕೊನೆ: ಉಸಿರು ಮುಗಿಯುತ್ತ ಬಂದಾಗ ಯಾರ ದನಿಯಾದರೂ ಕೂದಲೆಳೆಯಷ್ಟು ಇಳಿಯುತ್ತದೆ, ತಿದ್ದಿದ ದನಿ ಗೆರೆ ಎಳೆದಂತೆ ನಿಲ್ಲುತ್ತದೆ. ಮೂರನೆಯದು ಗಮಕ, ಅಂದರೆ ಸ್ವರವನ್ನು ತೂಗಿಸಿ ಹಾಡುವುದು. ಕರ್ನಾಟಕ ಸಂಗೀತದ ತೋಡಿ ರಾಗದಲ್ಲಿ ಗಾಂಧಾರ (‘ಗ’) ಒಂದೆಡೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ತಿದ್ದುವ ವೇಗವನ್ನು ಹೆಚ್ಚಿಗೆ ಇಟ್ಟರೆ ಸಾಫ್ಟ್‌ವೇರ್ ಆ ತೂಗಾಟವನ್ನು ತಪ್ಪೆಂದು ಎಣಿಸಿ ಹತ್ತಿರದ ಕೀಬೋರ್ಡ್ ಸ್ವರಕ್ಕೆ ಎಳೆಯುತ್ತದೆ. ಸ್ವರಗಳ ನಡುವಿನ ದೂರವನ್ನು ಸೆಂಟ್‌ಗಳಲ್ಲಿ ಅಳೆಯುತ್ತಾರೆ, ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ದೂರ, ಅಂದರೆ ಅರ್ಧ ಸ್ವರ, 100 ಸೆಂಟ್. ತಂಬೂರಿಯೊಂದಿಗೆ ಸೇರುವ ‘ಅಂತರ ಗಾಂಧಾರ’ ಎಂಬ ಇನ್ನೊಂದು ಬಗೆಯ ‘ಗ’ ಷಡ್ಜದಿಂದ (‘ಸ’) 386 ಸೆಂಟ್ ದೂರದಲ್ಲಿರುತ್ತದೆ, ಕೀಬೋರ್ಡಿನದು 400. ಈ 14 ಸೆಂಟ್ ಬಹಳ ಸಣ್ಣ ಅಂತರ, ಆದರೂ ತಂಬೂರಿಗೆ ಒಗ್ಗಿದ ಕಿವಿಗೆ ಕಿರಿಕಿರಿಯಾಗುವುದು ಇಲ್ಲೇ. ಹಾಗೆಂದು ಇದನ್ನೆಲ್ಲ ಸಾಫ್ಟ್‌ವೇರ್ ತಲೆಗೆ ಕಟ್ಟಬಾರದು, ಹಳೆಯ ಹಾರ್ಮೋನಿಯಂ ಶ್ರುತಿಯೂ ಹೀಗೆಯೇ ಇತ್ತು.

ಕಿವಿಗೆ ತರಬೇತಿ ಬೇಕಿದ್ದರೆ 1977ರ ‘ಸನಾದಿ ಅಪ್ಪಣ್ಣ’ ಚಿತ್ರದ ‘ಕರೆದರೂ ಕೇಳದೆ’ ಹಾಕಿ. ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಯೂ ಜಾನಕಿಯವರ ಕಂಠವೂ ಇರುವ ಹಾಡು ಅದು. ಶಹನಾಯಿಯ ಎಳೆತ ಮತ್ತು ಕಂಠದ ಎಳೆತ ಎರಡನ್ನೂ ಜಾರುವ ಜಾಗಗಳಲ್ಲಿ ಮಾತ್ರ ಕೇಳುತ್ತ ಹೋಗಿ. ಒಂದು ವಾರ ಹೀಗೆ ಕೇಳಿದರೆ ಮೆಟ್ಟಿಲು ಯಾವುದು, ಜಾರು ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಹಳೆಯ ಸಿನಿಮಾದ ವಿಡಿಯೊದಲ್ಲಿ ಹಾಡು ಕೇಳಿದರೆ ಗಾಯಕರ ದನಿ ತೆಳ್ಳಗೆ, ವೇಗವಾಗಿ ಕೇಳುತ್ತದೆ. ಕ್ಯಾಸೆಟ್‌ನಲ್ಲಿ ಹಾಗಿರಲಿಲ್ಲ. — ಓದುಗರು, ದುಬೈ

ನಿಮ್ಮ ಕಿವಿ ಸರಿಯಾಗಿಯೇ ಇದೆ. ಸಿನಿಮಾ ರೀಲು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ನಮ್ಮ ದೇಶದ ಟಿವಿ ಪದ್ಧತಿಯಾಗಿದ್ದ ಪಾಲ್‌ನಲ್ಲಿ 25. ರೀಲನ್ನು ವಿಸಿಡಿ, ಡಿವಿಡಿಗೆ ಇಳಿಸುವಾಗ 24ನ್ನು 25ರ ವೇಗದಲ್ಲಿ ಓಡಿಸಿದರೆ ಎಲ್ಲವೂ ಶೇ 4ರಷ್ಟು ಬೇಗ ಹೋಗುತ್ತದೆ. ಶ್ರುತಿ ಅರ್ಧ ಸ್ವರದ ಮುಕ್ಕಾಲು ಪಾಲಿನಷ್ಟು ಏರುತ್ತದೆ, 4 ನಿಮಿಷದ ಹಾಡು 3 ನಿಮಿಷ 50 ಸೆಕೆಂಡಿಗೆ ಮುಗಿಯುತ್ತದೆ. ಅದೇ ಡಿಸ್ಕಿನಿಂದ ಅಂತರ್ಜಾಲಕ್ಕೆ ಹಾಕಿದ ಪ್ರತಿಯಲ್ಲೂ ಈ ದೋಷ ಹಾಗೆಯೇ ಇರುತ್ತದೆ. ಪಿಬಿಎಸ್ ಅವರ ತುಂಬುದನಿ ಇದರಿಂದಲೇ ಎಷ್ಟೋ ಕಡೆ ಸಣಕಲಾಗಿ ಕೇಳುವುದು.

ನಿಮ್ಮ ಬಳಿ ಇರುವ ಡಿಸ್ಕಿನ ಹಾಡನ್ನು ಸರಿಪಡಿಸಲು ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. ಹಾಡು ತೆರೆದು, ಪೂರ್ತಿ ಆಯ್ದು, ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಎಫೆಕ್ಟ್‌ನಲ್ಲಿ ಗುಣಕ 0.96 ಎಂದು ಕೊಡಿ. ಶ್ರುತಿಯನ್ನಷ್ಟೇ ಬದಲಿಸುವ ಎಫೆಕ್ಟ್ ಬಳಸಿದರೆ ವೇಗ ತಪ್ಪಾಗಿಯೇ ಉಳಿಯುತ್ತದೆ, ಮೇಲಾಗಿ ತಬಲಾದ ಪೆಟ್ಟು ಮಸುಕಾಗುತ್ತದೆ. ಕ್ಯಾಸೆಟ್ಟೂ ಪೂರ್ತಿ ನಂಬಿಕಸ್ಥವಲ್ಲ: ಬೆಲ್ಟ್ ಸಡಿಲವಾದ ಪ್ಲೇಯರ್ ನಿಧಾನವಾಗಿ ಓಡಿ ದನಿಯನ್ನು ದಪ್ಪ ಮಾಡುತ್ತದೆ. ಗ್ರಾಮಫೋನ್ ಕಂಪನಿಯ ಡಿಜಿಟಲ್ ಪ್ರತಿ ಸಿಕ್ಕರೆ ಅದರ ಅವಧಿಗೆ ಹೋಲಿಸಿ ನೋಡಿ.

ಹೊಸ ಹಾಡುಗಳನ್ನು ಅರ್ಧ ಗಂಟೆ ಕೇಳಿದರೆ ತಲೆನೋವು. ವಯಸ್ಸಿನ ದೋಷವೇ? — ಓದುಗರು, ಮೈಸೂರು

ಅಲ್ಲ. ಪಿಸುಮಾತನ್ನೂ ಕೂಗನ್ನೂ ಒಂದೇ ಎತ್ತರಕ್ಕೆ ಒತ್ತಿ ತರುವುದು ಈಗಿನ ಮಿಕ್ಸಿಂಗ್ ರೂಢಿ. ವಿರಾಮವಿಲ್ಲದೆ ಒಂದೇ ಮಟ್ಟದ ಸದ್ದು ಬಿದ್ದರೆ ಯಾವ ವಯಸ್ಸಿನ ಕಿವಿಯೂ ದಣಿಯುತ್ತದೆ. ಹೋಲಿಸಿ ಕೇಳುವಾಗಂತೂ ಎರಡೂ ಹಾಡುಗಳ ಸದ್ದು ಸಮವಿರಲಿ, ತುಸು ಜೋರಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಸ್ಪಾಟಿಫೈನಲ್ಲಿ ಸದ್ದು ಸಮ ಮಾಡುವ ನಾರ್ಮಲೈಸೇಷನ್ ಆನ್ ಮಾಡಿದರೆ ಹಾಡುಗಳೆಲ್ಲ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸದ್ದಿನ ಅಳತೆ) ಎಂಬ ಸರಾಸರಿ ಮಟ್ಟದ ಹತ್ತಿರ ಬರುತ್ತವೆ.

ಹನ್ನೆರಡು ವರ್ಷದ ಮಗಳು ಗಾಯನ ಸ್ಪರ್ಧೆಗೆ ಹಳೆಯ ಹಾಡನ್ನು ಕರೋಕೆಯಲ್ಲಿ ಹಾಡಬೇಕೆಂದಿದ್ದಾಳೆ. ಹೇಗೆ ಸಿದ್ಧಪಡಿಸಲಿ? — ತಾಯಿ, ತುಮಕೂರು

ಮೊದಲು ಕರೋಕೆಯನ್ನು ಪಕ್ಕಕ್ಕಿಡಿ, ಅಮ್ಮಾ. ಸಾಹಿತ್ಯವನ್ನು ಕೈಯಲ್ಲಿ ಬರೆಸಿ, ಗದ್ಯದಂತೆ ಗಟ್ಟಿಯಾಗಿ ಓದಿಸಿ. ‘ಭ’, ‘ಧ’, ‘ಘ’ಗಳಲ್ಲಿ ಮಹಾಪ್ರಾಣ ಕೇಳಬೇಕು, ‘ಹ’ ಬಿಟ್ಟುಹೋಗಬಾರದು. ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಪದದ ನಡುವೆ ಎಲ್ಲೂ ಬೇಡ. ಆಮೇಲೆ ತಂಬೂರಿ ಆ್ಯಪ್ ಒಂದನ್ನೇ ಇಟ್ಟುಕೊಂಡು ನಿಧಾನಗತಿಯಲ್ಲಿ ಒಂದು ವಾರ ಹಾಡಿಸಿ. ಕರೋಕೆಯ ವಾದ್ಯಗಳು ಶ್ರುತಿದೋಷವನ್ನು ಮುಚ್ಚಿಬಿಡುತ್ತವೆ, ತಂಬೂರಿ ಮುಚ್ಚುವುದಿಲ್ಲ.

ಶ್ರುತಿ ಆರಿಸುವಾಗ ಪಲ್ಲವಿ ನೋಡಿ ನಿರ್ಧರಿಸಬೇಡಿ, ಚರಣದ ಅತಿ ಮೇಲಿನ ಸ್ವರವನ್ನೂ ಅತಿ ಕೆಳಗಿನ ಸ್ವರವನ್ನೂ ಹಾಡಿಸಿ ನೋಡಿ. ಎರಡೂ ಕಡೆ ಕತ್ತಿನ ನರ ಉಬ್ಬದೆ ಬರಬೇಕು. ಗಂಡು ದನಿಯ ಹಾಡಾದರೆ ಸಾಮಾನ್ಯವಾಗಿ 4–5 ಅರ್ಧ ಸ್ವರ ಏರಿಸಬೇಕಾಗುತ್ತದೆ. ಕರೋಕೆ ಟ್ರ್ಯಾಕನ್ನು ಸಾಫ್ಟ್‌ವೇರ್‌ನಲ್ಲಿ 2–3ಕ್ಕಿಂತ ಹೆಚ್ಚು ಏರಿಸಿದರೆ ವಾದ್ಯಗಳ ನಾದ ಒಡೆಯುತ್ತದೆ, ಅಂಥ ಹಾಡಿಗೆ ಕೀಬೋರ್ಡ್ ಬಲ್ಲವರಿಂದ ಹೊಸ ಟ್ರ್ಯಾಕ್ ಮಾಡಿಸುವುದೇ ಸರಿ. ಅಭ್ಯಾಸ ದಿನಕ್ಕೆ 20 ನಿಮಿಷದಂತೆ ಎರಡು ಹೊತ್ತು, ಗಂಟಲು ಕಟ್ಟಿದ ದಿನ ಪೂರ್ತಿ ಬಿಡುವು.

ಜಾನಕಿಯವರ ಹಾಡಾದರೆ ಮಕ್ಕಳು ಅವರ ದನಿಯನ್ನೇ ಅನುಕರಿಸಲು ಹೋಗಿ ಮೂಗಿನಲ್ಲಿ ಹಾಡತೊಡಗುತ್ತಾರೆ. ಮೂಗು ಹಿಡಿದು ‘ಆ’ಕಾರ ಹಾಡಿಸಿ. ದನಿ ಬದಲಾದರೆ ಮೂಗಿನಿಂದ ಬರುತ್ತಿದೆ ಎಂದರ್ಥ, ಬಾಯಿ ಇನ್ನಷ್ಟು ತೆರೆಯಬೇಕು.

ಕೊನೆಯ ನಾಲ್ಕು ದಿನ ಮೈಕ್ ಹಿಡಿಸಿ. ಬಾಯಿಂದ 2–3 ಇಂಚು ದೂರ, ಮೇಲಿನ ಸ್ವರ ಬಂದಾಗ 5–6 ಇಂಚಿಗೆ ಸರಿಸಲಿ. ತುಟಿಗೆ ತಾಗಿಸಿದರೆ ಮಂದ್ರ ಊದಿಕೊಂಡು ‘ಪ’, ‘ಬ’ಗಳು ಗುದ್ದಿದಂತೆ ಕೇಳುತ್ತವೆ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕೀರಲು ಸದ್ದು ಶುರುವಾಗುತ್ತದೆ, ಹಿಡಿ ಯಾವಾಗಲೂ ನಡುವಿನಲ್ಲಿರಲಿ. ವೇದಿಕೆಯಲ್ಲಿ ಟ್ರ್ಯಾಕ್ ತನಗೆ ಕೇಳದಿದ್ದರೆ ಹಾಡು ಶುರುವಾಗುವ ಮೊದಲೇ ಸೌಂಡಿನವರಿಗೆ ಕೈ ತೋರಿಸಿ ಹೇಳುವುದನ್ನೂ ಅವಳಿಗೆ ಕಲಿಸಿಕೊಡಿ.