ಸೀಟು ಸಿಕ್ಕಿದೆ, ಅಪ್ಪನ ಅಡ್ವಾನ್ಸ್ ಬಾಕಿ ಇದೆ

ಮೇಡಂ, ನನಗೆ 21 ವರ್ಷ. ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಹುಟ್ಟಿ ಬೆಳೆದವಳು. ಅಪ್ಪ, ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುತ್ತಾರೆ. ನಾವು ಎಸ್ಸಿ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲನೆಯವಳು ನಾನು. ಈ ವರ್ಷ ಬಿಎಸ್ಸಿ ಮುಗಿಯಿತು. ಕೆಮಿಸ್ಟ್ರಿ ಸರ್ ಬಿಡದೆ ಎಂಎಸ್ಸಿ ಪ್ರವೇಶದ ಜ್ಯಾಮ್ ಪರೀಕ್ಷೆ ಬರೆಸಿದರು. ಬೆಂಗಳೂರಿನ ಒಂದು ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಸೇರಬೇಕು. ಅಜ್ಜಿಯ ಆಸ್ಪತ್ರೆ ಖರ್ಚಿಗೆಂದು ಅಪ್ಪ ತೋಟದಲ್ಲಿ ತೆಗೆದುಕೊಂಡ ಅಡ್ವಾನ್ಸ್ ಇನ್ನೂ 60 ಸಾವಿರ ಬಾಕಿ ಇದೆ. ಸಾಹುಕಾರರು ‘ಮಗಳನ್ನು ರೈಟರ್ ಮಾಡ್ತೀನಿ, ಲೆಕ್ಕ ಬರ್ಕೊಂಡಿರಲಿ, ಅಡ್ವಾನ್ಸೂ ತೀರುತ್ತೆ’ ಅಂದಿದ್ದಾರೆ. ಅಪ್ಪನಿಗೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಚಿಕ್ಕಮ್ಮ ಬಿಎಡ್ ಮಾಡು ಅಂತಾರೆ. ಅಮ್ಮನಿಗೆ ಮಂಡಿನೋವು. ಆನೆ ಭಯಕ್ಕೆ ಬೆಳಿಗ್ಗೆ ನಾನೇ ಅಮ್ಮನ ಜೊತೆ ಕೆಲಸದ ಜಾಗದವರೆಗೆ ಹೋಗಿ ಬರುತ್ತೇನೆ. ತಮ್ಮ ಪಿಯುಸಿಯಲ್ಲಿದ್ದಾನೆ. ಇಂಟರ್‌ವ್ಯೂನಲ್ಲಿ ನಾನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರಿನ ಉದಾಹರಣೆ ಕೊಟ್ಟಾಗ ಎಲ್ಲರೂ ನಕ್ಕರು. ಅಲ್ಲಿ ನನ್ನಂಥವರು ಇರುತ್ತಾರಾ? ಇವರನ್ನೆಲ್ಲ ಬಿಟ್ಟು ಇನ್ನೂ ಆರೇಳು ವರ್ಷ ಓದುತ್ತೇನೆ ಅನ್ನುವುದು ಸ್ವಾರ್ಥ ಅಲ್ವಾ? ಒಂದು ವರ್ಷ ರೈಟರ್ ಕೆಲಸ ಮಾಡಿ, ಸಾಲ ತೀರಿಸಿ ಮುಂದಿನ ವರ್ಷ ಹೋದರೆ ಆಗಲ್ವಾ? ಹೋಗುವುದಾದರೆ ಸಾಹುಕಾರರಿಗೆ ಯಾರು ಹೇಳಬೇಕು?
— ಹೆಸರು ಬೇಡ, ಕೊಡಗು

ಮಗಳೇ,

ಹೋಗು. ಈ ವರ್ಷವೇ ಹೋಗು. ಹೇಗೆ ಅನ್ನುವುದನ್ನು ಮಾತಾಡೋಣ, ಯಾಕೆಂದರೆ ನಿನ್ನ ಪತ್ರವನ್ನು ಎರಡು ಸಲ ಓದಿದ ಮೇಲೂ ನನಗೆ ಅದರಲ್ಲಿ ಸ್ವಾರ್ಥ ಕಾಣಲಿಲ್ಲ. ಒಂದು ಸಾಲ ಕಂಡಿತು, ಮೊದಲ ನಾಲ್ಕೈದು ತಿಂಗಳ ಖರ್ಚಿಗೆ ಕೈಯಲ್ಲಿ ದುಡ್ಡಿಲ್ಲದಿರುವುದು ಕಂಡಿತು. ಇವೆರಡೂ ಲೆಕ್ಕದ ವಿಷಯ. ಲೆಕ್ಕದ ವಿಷಯವನ್ನು ಪಾಪಪುಣ್ಯದ ವಿಷಯ ಮಾಡಿಕೊಂಡರೆ ನಿದ್ದೆ ಹೋಗುತ್ತದೆಯೇ ಹೊರತು ಸಾಲ ತೀರುವುದಿಲ್ಲ.

ಮೊದಲು ಆ ‘ಒಂದು ವರ್ಷ’ದ ಮಾತು. ಜ್ಯಾಮ್ ಅಂಕಕ್ಕೆ ಬೆಲೆ ಇರುವುದು ಆ ವರ್ಷದ ಪ್ರವೇಶಕ್ಕೆ ಮಾತ್ರ. ಮುಂದಿನ ವರ್ಷ ಅಂದರೆ ಫೆಬ್ರುವರಿಯಲ್ಲಿ ಮತ್ತೆ ಪರೀಕ್ಷೆ, ಮತ್ತೆ ರ‍್ಯಾಂಕ್, ಮತ್ತೆ ಇಂಟರ್‌ವ್ಯೂ. ಫೆಬ್ರುವರಿಯಲ್ಲಿ ತೋಟದಲ್ಲಿ ಏನು ನಡೆಯುತ್ತಿರುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ರೋಬಸ್ಟಾ ಕುಯ್ಲು ಜೋರಾಗಿರುವಾಗ ರೈಟರಿಗೆ ಬೆಳಿಗ್ಗೆ ಮಸ್ಟರ್ ಅಂದರೆ ಹಾಜರಿ, ಸಂಜೆ ತೂಕ, ರಾತ್ರಿ ಕೂಲಿ ಲೆಕ್ಕದ ಚೆಕ್‌ರೋಲ್. ಅದರ ನಡುವೆ ಕುಳಿತು ಕ್ವಾಂಟಂ ಕೆಮಿಸ್ಟ್ರಿ ಓದುತ್ತೇನೆ ಅಂದರೆ ನಾನು ನಂಬುವುದಿಲ್ಲ. ಸಾಲದ್ದಕ್ಕೆ, ದುಡಿಯುವ ಮಗಳ ಸಂಬಳಕ್ಕೆ ಮನೆ ಆರು ತಿಂಗಳಲ್ಲಿ ಒಗ್ಗಿಹೋಗುತ್ತದೆ. ತಮ್ಮನ ಕಾಲೇಜು ಫೀಸು, ಗೌರಿ ಹಬ್ಬ, ಯಾರದೋ ಮದುವೆ ಮುಯ್ಯಿ ಎಲ್ಲ ಆ ಸಂಬಳದ ಮೇಲೇ ಬಂದು ಕೂರುತ್ತವೆ. ಹೀಗೆ ‘ಒಂದೇ ವರ್ಷ’ ಅಂತ ನಿಂತ ಹುಡುಗಿಯರನ್ನು ಕಾಲೇಜಿನಲ್ಲಿ ಪಾಠ ಮಾಡುವಾಗ ಕಂಡಿದ್ದೇನೆ. ಆಮೇಲೆ ಅವರು ಸಿಗುತ್ತಿದ್ದದ್ದು ಬಸ್‌ಸ್ಟ್ಯಾಂಡಿನಲ್ಲಿ, ಮಗು ಎತ್ತಿಕೊಂಡು.

ಅಡ್ವಾನ್ಸ್ ವಿಷಯ. ನಿಮ್ಮ ಸಾಹುಕಾರರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಓದಿದ ಹುಡುಗಿ ಲೆಕ್ಕಕ್ಕೆ ಸಿಕ್ಕರೆ ಯಾರು ತಾನೇ ಬೇಡ ಅನ್ನುತ್ತಾರೆ? ಅವರ ಕಡೆಯಿಂದ ಅದು ಉಪಕಾರವೇ ಇರಬಹುದು. ಆದರೆ ‘ಅಡ್ವಾನ್ಸೂ ತೀರುತ್ತೆ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡು. ತಿಂಗಳ ಸಂಬಳ ಎಷ್ಟು? ಅದರಲ್ಲಿ ಮುರಿದುಕೊಳ್ಳುವುದು ಎಷ್ಟು? ಎಷ್ಟು ತಿಂಗಳಿಗೆ ತೀರುತ್ತದೆ? ನಡುವೆ ಬಿಡಬಹುದೇ? ನಿನ್ನ ಪತ್ರದಲ್ಲಿ ಇದೊಂದೂ ಇಲ್ಲ, ಬಹುಶಃ ಅಪ್ಪನಿಗೂ ಗೊತ್ತಿಲ್ಲ. ಅಪ್ಪನ ಸಾಲ ಅಪ್ಪನ ಹೆಸರಿನಲ್ಲಿದೆ, ಅವರ ಕೂಲಿಯಲ್ಲಿ ಬಟವಾಡೆ ದಿನ ಇಷ್ಟಿಷ್ಟು ಅಂತ ಹಿಡಿಯುತ್ತಿದ್ದಾರೆ. ಅದು ಹಾಗೇ ನಡೆಯಲಿ. ಅಪ್ಪ ಪಡೆದ ಮುಂಗಡಕ್ಕೆ ಮಗಳು ದುಡಿದು ತೀರಿಸಲೇಬೇಕು ಅಂತ ಯಾರೂ ಕಟ್ಟಿಹಾಕುವಂತಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಿಂದ ಇದೆ. ಇದನ್ನು ಸಾಹುಕಾರರ ಮುಂದೆ ಹೋಗಿ ಓದು ಅಂತಲ್ಲ. ನಿನ್ನ ತಲೆಯಲ್ಲಿ ಇರಲಿ, ಸಾಕು. ಬಾಕಿ ಎಷ್ಟು ಅನ್ನುವುದನ್ನು ಮಾತ್ರ ನೀನು ಹೊರಡುವ ಮೊದಲು ಚೀಟಿಯಲ್ಲಿ ಬರೆಸಿಕೊಂಡು ಅಪ್ಪನ ಕೈಗೆ ಕೊಡು.

ಇನ್ನು ದುಡ್ಡು. ಇಂಟಿಗ್ರೇಟೆಡ್ ಪಿಎಚ್‌ಡಿ ಅನ್ನುವುದು ಮನೆಯಿಂದ ದುಡ್ಡು ಹಾಕುತ್ತಲೇ ಇರಬೇಕಾದ ಓದಲ್ಲ, ಇದನ್ನು ಅಪ್ಪನಿಗೆ ಇನ್ನೂ ಯಾರೂ ಸರಿಯಾಗಿ ಹೇಳಿದಂತೆ ಕಾಣುವುದಿಲ್ಲ. ಇಂಥ ಸಂಸ್ಥೆಗಳಲ್ಲಿ ಮೊದಲ ಎರಡು ವರ್ಷ, ಅಂದರೆ ಎಂಎಸ್ಸಿಗೆ ಸಮನಾದ ಭಾಗದಲ್ಲಿ, ಕಡಿಮೆ ಮೊತ್ತದ ಫೆಲೋಶಿಪ್ ಕೊಡುತ್ತಾರೆ. ಆಮೇಲೆ ಪಿಎಚ್‌ಡಿ ದರ. ಸಿಎಸ್‌ಐಆರ್–ಯುಜಿಸಿ ಜೆಆರ್‌ಎಫ್‌ನ (ಸಂಶೋಧನೆ ಮಾಡುವವರಿಗೆ ಸರ್ಕಾರ ಕೊಡುವ ಫೆಲೋಶಿಪ್) ಲೆಕ್ಕದಲ್ಲಿ 2023ರಿಂದ ಅದು ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ನಿನ್ನ ಆಫರ್ ಪತ್ರದಲ್ಲಿ ನಿನಗೆ ಎಷ್ಟು ಅಂತ ಬರೆದಿರುತ್ತದೆ. ಇಲ್ಲದಿದ್ದರೆ ಕೇಳು. ಆ ಮೊತ್ತ ಇರುವ ಹಾಳೆಯನ್ನು ಪ್ರಿಂಟ್ ತೆಗೆಸಿ ಅಪ್ಪನಿಗೆ ತೋರಿಸು. ಮೊಬೈಲಿನಲ್ಲಿ ತೋರಿಸಬೇಡ. ಸಂಸ್ಥೆಯ ಹೆಸರು, ಸಹಿ ಇರುವ ಕಾಗದಕ್ಕೆ ನಮ್ಮ ಹಿರಿಯರು ಕೊಡುವ ಮರ್ಯಾದೆಯೇ ಬೇರೆ.

ತೊಂದರೆ ಇರುವುದು ಆರಂಭದಲ್ಲಿ. ಪ್ರವೇಶ ಶುಲ್ಕ, ಹಾಸ್ಟೆಲ್ ಡಿಪಾಸಿಟ್, ಮೆಸ್ ಅಡ್ವಾನ್ಸ್ (ಈ ಅಡ್ವಾನ್ಸ್ ಅನ್ನುವುದು ನಿನ್ನ ಬೆನ್ನು ಬಿಡುವಂತೆ ಕಾಣುವುದಿಲ್ಲ), ಹಾಸಿಗೆ, ಬಕೆಟ್ಟು, ಲ್ಯಾಬ್ ಕೋಟು. ಫೆಲೋಶಿಪ್ ಅನ್ನುವುದು ಸೇರಿದ ಮರುದಿನ ಬರುವುದಿಲ್ಲ. ಜಾಯ್ನಿಂಗ್ ರಿಪೋರ್ಟ್ ಹೋಗಬೇಕು, ಬ್ಯಾಂಕ್ ಖಾತೆ ಆಗಬೇಕು, ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುವುದೂ ಉಂಟು. ಹಾಗಾಗಿ ಈ ವಾರವೇ ಸಂಸ್ಥೆಯ ಅಕಾಡೆಮಿಕ್ ವಿಭಾಗಕ್ಕೆ ಒಂದು ಮೇಲ್ ಹಾಕು. ನಾಲ್ಕು ಸಾಲು ಸಾಕು: ನಾನು ಇಂಥ ವರ್ಷದ ಇಂಥ ವಿಭಾಗಕ್ಕೆ ಆಯ್ಕೆಯಾದವಳು, ತಂದೆತಾಯಿ ತೋಟದ ಕಾರ್ಮಿಕರು, ವಾರ್ಷಿಕ ಆದಾಯ ಇಷ್ಟು, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ, ಮೊದಲ ಫೆಲೋಶಿಪ್ ಬರುವವರೆಗೆ ಹಾಸ್ಟೆಲ್ ಮತ್ತು ಮೆಸ್ ಬಾಕಿ ಇಟ್ಟುಕೊಳ್ಳಬಹುದೇ, ಎಸ್ಸಿ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆಯೇ? ಪ್ರತಿಯನ್ನು ಎಸ್ಸಿ–ಎಸ್ಟಿ ಸೆಲ್‌ಗೆ ಕಳಿಸು. ಕೇಳುವುದಕ್ಕೆ ನಾಚಿಕೆ ಪಡಬೇಡ. ದುಡ್ಡಿರುವ ಮನೆಯ ಮಕ್ಕಳು ಎಷ್ಟು ಸಲೀಸಾಗಿ ಕೇಳುತ್ತಾರೆ ಅಂತ ನೀನು ಅಲ್ಲಿ ಹೋದ ಮೇಲೆ ನೋಡುತ್ತೀಯ.

ಅಮ್ಮನ ಸಂಘದಲ್ಲಿ ಸಾಲ ಎತ್ತಬೇಡ. ವಾರದ ಕಂತು ಮುಂದಿನ ವಾರದಿಂದಲೇ ಶುರು, ನಿನ್ನ ಫೆಲೋಶಿಪ್ ಬರುವ ಹೊತ್ತಿಗೆ ಅಮ್ಮ ಬಳಲಿರುತ್ತಾರೆ. ತೋಟದಲ್ಲಿ ಇನ್ನೊಂದು ಅಡ್ವಾನ್ಸ್ ಅಂತೂ ಬೇಡವೇ ಬೇಡ. ಸಾಲ ಮಾಡಲೇಬೇಕಾದರೆ ಬ್ಯಾಂಕಿಗೆ ಹೋಗಿ ಪಿಎಂ ವಿದ್ಯಾಲಕ್ಷ್ಮಿ ಅಂತ ಕೇಳು. 2024ರಲ್ಲಿ ಬಂದ ಯೋಜನೆ. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಆ ಬಡ್ಡಿ ರಿಯಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ವಿಚಾರಿಸು. ನಿನಗೆ ಲಕ್ಷಗಟ್ಟಲೆ ಬೇಕಿಲ್ಲ, ಮೊದಲ ವರ್ಷ ದಾಟುವಷ್ಟು ಸಾಕು. ಇನ್ನೊಂದು ದಾರಿ ನಿನ್ನ ಕೆಮಿಸ್ಟ್ರಿ ಸರ್. ಬಿಡದೆ ಪರೀಕ್ಷೆ ಬರೆಸಿದ ಮನುಷ್ಯ ಹಾಸ್ಟೆಲ್ ಡಿಪಾಸಿಟ್‌ಗೆ ನಾಲ್ಕು ಜನರನ್ನು ಕೇಳುವುದಿಲ್ಲ ಅಂತೀಯಾ?

ಕಾಗದ ಪತ್ರಗಳ ಕಡೆ ಗಮನ ಕೊಡು, ಕೆಲವು ಸಲ ಸೀಟಿಗಿಂತ ಅದೇ ಕಷ್ಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು, ಇನಿಶಿಯಲ್ಲು ಆಧಾರ್‌ನಲ್ಲೂ ಹಾಗೇ ಇದೆಯೇ ನೋಡು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ವಿಚಾರಿಸು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತೆಗೆಸುವಾಗ ಕೇಂದ್ರ ಸಂಸ್ಥೆಗೆ ಅಂತ ಹೇಳಿ ಕೇಂದ್ರದ ನಮೂನೆಯಲ್ಲೇ ಕೇಳು. ಮಳೆಗಾಲ, ಕರೆಂಟ್ ಇಲ್ಲ, ಸರ್ವರ್ ಡೌನ್ ಅಂತ ನಾಲ್ಕು ಸಲ ಅಲೆಸುತ್ತಾರೆ. ಜುಲೈವರೆಗೆ ಕಾಯಬೇಡ.

ಈಗ ನಿನ್ನನ್ನು ನಿಜವಾಗಿ ಕೊರೆಯುತ್ತಿರುವುದಕ್ಕೆ ಬರೋಣ. ಪಲ್ಪರ್ ನೀರಿನ ಉದಾಹರಣೆ ಕೊಟ್ಟಾಗ ನಕ್ಕರು ಅಂತ ಬರೆದಿದ್ದೀಯ. ನಕ್ಕವರೇ ನಿನ್ನನ್ನು ಆಯ್ಕೆ ಮಾಡಿದ್ದಾರೆ, ಅದನ್ನು ಮರೆತಿದ್ದೀಯ. ಆಮ್ಲ–ಪ್ರತ್ಯಾಮ್ಲದ ಪ್ರಶ್ನೆಗೆ ನೂರು ಮಕ್ಕಳು ಬ್ಯುರೆಟ್ಟು, ಪಿಪೆಟ್ಟು ಅಂತ ಹೇಳುವಾಗ, ಹಣ್ಣಿನ ಸಿಪ್ಪೆ ಸುಲಿದ ನೀರು ಹೊಂಡದಲ್ಲಿ ಹುಳಿತು ಮೂಗು ಕಟ್ಟುವುದನ್ನೂ, ಅದಕ್ಕೆ ಸುಣ್ಣ ಕದಡಿ ಹಾಕುವುದನ್ನೂ ಒಬ್ಬಳು ಹೇಳಿದರೆ ಕೇಳುವವರ ಮುಖ ಅರಳುತ್ತದೆ. ನಾನಿದ್ದಿದ್ದರೂ ನಗುತ್ತಿದ್ದೆ. ನೀನು ಅದನ್ನು ಗೇಲಿ ಅಂದುಕೊಂಡೆ, ಯಾಕೆಂದರೆ ಗೇಲಿ ನಿನಗೆ ಹೆಚ್ಚು ಪರಿಚಯ.

ಅಲ್ಲಿ ನಿನ್ನಂಥವರು ಇರುತ್ತಾರಾ ಅಂದರೆ, ಇರುತ್ತಾರೆ, ಕಡಿಮೆ. ಮೊದಲ ಸೆಮಿಸ್ಟರ್ ಕಷ್ಟವೇ. ಡೆಲ್ಲಿ, ಕೋಲ್ಕತಾದ ದೊಡ್ಡ ಕಾಲೇಜುಗಳಿಂದ ಬಂದವರು ಎನ್‌ಎಂಆರ್ ಯಂತ್ರ ಮುಟ್ಟಿ ಬಂದಿರುತ್ತಾರೆ, ನೀನು ಅದರ ಚಿತ್ರ ಮಾತ್ರ ನೋಡಿದ್ದೀಯ. ಒಂದೆರಡು ಟೆಸ್ಟಿನಲ್ಲಿ ಅಂಕ ಕಡಿಮೆ ಬರಬಹುದು. ಆಗ ರೂಮಿನಲ್ಲಿ ಮುಸುಕು ಹಾಕಿ ಮಲಗದೆ ಟ್ಯುಟೋರಿಯಲ್ ತೆಗೆದುಕೊಳ್ಳುವ ಸೀನಿಯರ್ ಹತ್ತಿರ ಹೋಗಿ, ಇದು ಅರ್ಥ ಆಗಲಿಲ್ಲ ಅನ್ನು. ಇಂಗ್ಲಿಷ್ ತಡವರಿಸಿದರೆ ತಡವರಿಸಲಿ, ಬೆಂಗಳೂರಿನ ಲ್ಯಾಬುಗಳಲ್ಲಿ ಕನ್ನಡ ಮಾತಾಡುವ ಟೆಕ್ನಿಷಿಯನ್ನರು ಬೇಕಾದಷ್ಟು ಜನ ಇದ್ದಾರೆ. ಯಂತ್ರದ ಬಗ್ಗೆ ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿಕೊಡುವುದಿಲ್ಲ.

ಮುಂದೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾನು ಬರೆದುಕೊಡಲಾರೆ. ಆದರೆ ಚಿಕ್ಕಮ್ಮ ಹೇಳುವ ಬಿಎಡ್ ಕೂಡ ಎರಡು ವರ್ಷ, ಖರ್ಚು ನಿನ್ನದೇ, ಮುಗಿದ ಮೇಲೆ ನೇಮಕಾತಿ ಯಾವಾಗ ಕರೆಯುತ್ತಾರೋ ಅಂತ ಕಾಯಬೇಕು. ನಿನಗೆ ಪಾಠ ಮಾಡುವ ಆಸೆ ಇದ್ದರೆ ಎಂಎಸ್ಸಿ ಜೊತೆ ಕೆಸೆಟ್ ಅಥವಾ ನೆಟ್ ಅರ್ಹತಾ ಪರೀಕ್ಷೆ ಪಾಸಾದವರು ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಕೆಲವು ಸಂಸ್ಥೆಗಳಲ್ಲಿ ಪಿಎಚ್‌ಡಿ ಬೇಡವೆನಿಸಿದರೆ ನಡುವೆ ಸ್ನಾತಕೋತ್ತರ ಪದವಿ ಪಡೆದು ಹೊರಬರಲು ಅವಕಾಶವಿದೆ, ನಿನ್ನಲ್ಲಿ ಹೇಗೆ ಅಂತ ನಿಯಮ ಓದು. ಈ ಓದಿನಿಂದ ಏನು ಉಪಯೋಗ ಅಂತ ಅಪ್ಪ ಕೇಳಿದರೆ ಬಿಳಿ ಕಾಂಡಕೊರಕದ ಕಥೆ ಹೇಳು. ಕೊರಕ ಹಿಡಿದ ಅರೇಬಿಕಾ ಗಿಡ ಗುರುತಿಸಿ ಕಿತ್ತು ಸುಡುವ ಕೆಲಸ ಅವರು ಮಾಡಿಯೇ ಇರುತ್ತಾರೆ. ಆ ಹುಳುವಿನ ಗಂಡು ಹೆಣ್ಣನ್ನು ಸೆಳೆಯಲು ಬಿಡುವ ವಾಸನೆ ಯಾವ ರಾಸಾಯನಿಕ ಅಂತ ಪತ್ತೆ ಮಾಡಿ, ಅದನ್ನೇ ತಯಾರಿಸಿ ತೋಟದಲ್ಲಿ ಬಲೆ ಕಟ್ಟುತ್ತಾರಲ್ಲ, ಅದರ ಹಿಂದೆ ಇರುವುದು ನಿನ್ನ ಕೆಮಿಸ್ಟ್ರಿ. ನಿಮ್ಮ ಪಕ್ಕದ ಚೆಟ್ಟಳ್ಳಿಯಲ್ಲೇ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ದೊಡ್ಡದು ಬಾಳೆಹೊನ್ನೂರಿನಲ್ಲಿ. ಒಂದು ದಿನ ಅಪ್ಪನನ್ನು ಚೆಟ್ಟಳ್ಳಿಗೆ ಕರೆದುಕೊಂಡು ಹೋಗಿ ಗೇಟಿನ ಬೋರ್ಡಾದರೂ ತೋರಿಸು.

ಫೆಲೋಶಿಪ್ ಪೂರ್ತಿ ಮನೆಗೆ ಕಳಿಸುತ್ತೇನೆ ಅಂತ ಮಾತು ಕೊಡಬೇಡ. ಎಷ್ಟು ಬರುತ್ತದೆ ಅಂತ ಮುಚ್ಚಿಡಲೂ ಬೇಡ. ಇಷ್ಟು ಬರುತ್ತದೆ, ಇಷ್ಟು ಕಳಿಸುತ್ತೇನೆ, ಇಂಥ ತಾರೀಖಿಗೆ, ಅಂತ ಮೊದಲೇ ಹೇಳಿ ಅದನ್ನು ತಪ್ಪಿಸಬೇಡ. ಜ್ವರ ಬಂದರೆ, ಲ್ಯಾಪ್‌ಟಾಪ್ ಕೆಟ್ಟರೆ ನಿನಗೆ ಹಿಂದೆ ಯಾರೂ ಇಲ್ಲ, ಅದಕ್ಕೆ ಒಂದಿಷ್ಟು ನಿನ್ನ ಖಾತೆಯಲ್ಲಿ ಇರಲೇಬೇಕು. ಊರಿಗೆ ಬರುವ ಖರ್ಚಿನ ಚಿಂತೆ ಮಾತ್ರ ಇಲ್ಲ. ಆಧಾರ್ ಕಾರ್ಡ್ ತೋರಿಸಿ ಕೆಂಪು ಬಸ್ ಹತ್ತಿದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ.

ಅಮ್ಮನ ಜೊತೆ ಬೆಳಿಗ್ಗೆ ಯಾರು ನಡೆಯುವುದು ಅನ್ನುವುದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಮ್ಮ ಕಾಲೇಜಿಗೆ ಹೊರಡುವ ಮೊದಲು ಆ ಕೆಲಸ ಮಾಡಲಿ, ಅವನಿಗೂ ಅಮ್ಮನೇ ತಾನೇ. ಲೈನ್‌ನ ಹೆಂಗಸರು ಒಟ್ಟಿಗೆ ಹೊರಡುವಂತೆ, ಆನೆ ಬಂದಿದೆ ಅಂತ ಸುದ್ದಿ ಇದ್ದ ದಿನ ಬೆಳಕು ಹರಿದ ಮೇಲೆ ಮಸ್ಟರ್ ಕರೆಯುವಂತೆ ಅಪ್ಪ ಮತ್ತು ಉಳಿದ ಗಂಡಸರು ರೈಟರ ಹತ್ತಿರ ಮಾತಾಡಲಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ನಂಬರ್ ಅಮ್ಮನ ಫೋನಿನಲ್ಲಿ ಹಾಕಿಕೊಡು. ಇಷ್ಟಾದ ಮೇಲೂ ಬೆಂಗಳೂರಿನಲ್ಲಿ ಬೆಳಿಗ್ಗೆ ಆರೂವರೆಗೆ ನಿನಗೆ ಎಚ್ಚರ ಆಗುತ್ತದೆ. ಆಗ ಒಂದು ಫೋನ್ ಮಾಡು.

ಸಾಹುಕಾರರಿಗೆ ಹೇಳಬೇಕಾದವರು ಅಪ್ಪ, ಆದರೆ ಅವರೊಬ್ಬರನ್ನೇ ಕಳಿಸಬೇಡ, ಜೊತೆಗೆ ನೀನೂ ಹೋಗು. ಬಟವಾಡೆ ದಿನ ಎಲ್ಲರೆದುರು ಬೇಡ, ಬೇರೆ ದಿನ ಸಂಜೆ ಬಂಗಲೆಗೆ ಹೋಗಿ. ಆಫರ್ ಪತ್ರ ಕೈಯಲ್ಲಿರಲಿ. ‘ರೈಟರ್ ಕೆಲಸ ಕೊಡ್ತೀನಿ ಅಂದಿದ್ದಕ್ಕೆ ನಮಸ್ಕಾರ, ಬೆಂಗಳೂರಲ್ಲಿ ಓದೋಕೆ ಸೀಟು ಬಂದಿದೆ, ಆಗಸ್ಟಲ್ಲಿ ಹೋಗ್ತಿದ್ದೀನಿ, ಅಡ್ವಾನ್ಸ್ ಮೊದಲಿನ ಥರಾನೇ ಅಪ್ಪನ ಕೂಲಿಯಲ್ಲಿ ಹಿಡ್ಕೊಳ್ಳಿ’ ಅಂತ ನೀನೇ ಹೇಳು. ಹೋಗಲಾ ಅಂತ ಕೇಳಬೇಡ, ಹೋಗ್ತಿದ್ದೀನಿ ಅಂತಲೇ ಹೇಳು. ಅವರು ಒಂದು ನಿಮಿಷ ಸುಮ್ಮನಿದ್ದು ಯಾವ ಕಾಲೇಜು ಅಂತ ಕೇಳಬಹುದು, ಕಿರಿಕಿರಿಯೂ ಪಡಬಹುದು. ಬಾಕಿಯ ಚೀಟಿಯನ್ನು ಅದೇ ಹೊತ್ತಿಗೆ ಬರೆಸಿಕೊಂಡು ಬನ್ನಿ.