ಅಪ್ಪಯ್ಯನ ಕ್ಯಾಸೆಟ್‌ಗಳು: ಇಟ್ಟುಕೊಳ್ಳುವುದೇ, ಡಿಸ್ಕಿಗೆ ಏರಿಸಿ ಬಿಡುವುದೇ?

ಪ್ರಶ್ನೆ: ಬ್ರಹ್ಮಾವರದ ಹತ್ತಿರವಿರುವ ನಮ್ಮ ಹಿರಿಯರ ಮನೆಯನ್ನು ಈ ವರ್ಷ ಮಾರುತ್ತಿದ್ದೇವೆ. ಕಳೆದ ವರ್ಷ ತೀರಿಕೊಂಡ ನಮ್ಮ ಅಪ್ಪಯ್ಯನಿಗೆ ಯಕ್ಷಗಾನದ ಹುಚ್ಚು ಬಹಳ ಇತ್ತು. ಅವರು ಬಿಟ್ಟುಹೋದ 180 ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಕೊಂಡವು. ಸುಮಾರು 60 ಮಾತ್ರ ಅವರೇ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ತಾಳಮದ್ದಳೆಗಳಲ್ಲಿ (ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ಯಕ್ಷಗಾನ) ಧ್ವನಿಮುದ್ರಿಸಿಕೊಂಡವು. ನಾಲ್ಕು ಕಪಾಟು ಪುಸ್ತಕಗಳೂ ಏಳು ಫೋಟೊ ಆಲ್ಬಮ್‌ಗಳೂ ಇವೆ. ನಾವಿರುವುದು ಮಂಗಳೂರಿನ ಬಿಜೈಯಲ್ಲಿ, ಎರಡು ಕೋಣೆಗಳ ಫ್ಲ್ಯಾಟಿನಲ್ಲಿ. "ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಏರಿಸಿ, ಆಮೇಲೆ ಬಿಸಾಡುವ" ಎಂದು ಮಗ ಹೇಳುತ್ತಾನೆ. ನನಗೆ ಮನಸ್ಸು ಒಪ್ಪುವುದಿಲ್ಲ. ಯಾವುದು ಸರಿ?

ಉತ್ತರ: ನಿಮ್ಮ ಮಗನ ಲೆಕ್ಕ ಸರಿಯಾಗಿಯೇ ಇದೆ. 90 ನಿಮಿಷಗಳ 180 ಕ್ಯಾಸೆಟ್‌ಗಳೆಂದರೆ 270 ಗಂಟೆಗಳ ಧ್ವನಿ. ಅದನ್ನು ಕುಗ್ಗಿಸದೆ ಒಳ್ಳೆಯ ಗುಣಮಟ್ಟದಲ್ಲಿ ಇಟ್ಟುಕೊಂಡರೂ 300 ಜಿಬಿ ದಾಟುವುದಿಲ್ಲ. ಆದರೆ ಅವರ ಮಾತಿನಲ್ಲಿರುವ ‘ಎಲ್ಲವನ್ನೂ’ ಎಂಬುದನ್ನೂ ‘ಬಿಸಾಡುವ’ ಎಂಬುದನ್ನೂ ನಾನು ಒಪ್ಪಲಾರೆ. ಕ್ಯಾಸೆಟ್ ಒಳ್ಳೆಯದೋ ಡಿಸ್ಕ್ ಒಳ್ಳೆಯದೋ ಎಂದು ಕೇಳುವುದಕ್ಕೆ ಮೊದಲು, ಇದರ ಇನ್ನೊಂದು ಪ್ರತಿ ಬೇರೆ ಯಾರ ಮನೆಯಲ್ಲಾದರೂ ಇದೆಯೇ ಎಂದು ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಿ.

ಈ ಪ್ರಶ್ನೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ. 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆಯ, ಎಂದರೆ ಯಕ್ಷಗಾನದ ಹಾಡುಗಾರಿಕೆಯ, ಮಾರಾಟದ ಕ್ಯಾಸೆಟ್‌ಗಳು ಉಡುಪಿ, ಕುಂದಾಪುರ ಕಡೆಯ ಎಷ್ಟೋ ಮನೆಗಳಲ್ಲಿವೆ. ನಿಮ್ಮದು ಹಾಳಾದರೆ ನಿಮಗೆ ಬೇಸರವಾದೀತು, ಆದರೆ ಆ ಕಂಠ ಉಳಿದಿರುತ್ತದೆ. ತಾಳಮದ್ದಳೆಯ ಸಂಗತಿ ಹಾಗಲ್ಲ. ಪ್ರಸಂಗದ ಪದ್ಯಗಳು ಅಚ್ಚಾಗಿರುತ್ತವೆ, ಆದರೆ ಅರ್ಥ ಹೇಳುವುದು ಅಲ್ಲಲ್ಲೇ, ಎದುರಿಗಿರುವವರ ಮಾತಿಗೆ ತಕ್ಕಂತೆ, ಬರೆದುಕೊಳ್ಳದೆ. 2006ರಲ್ಲಿ ನಮ್ಮನ್ನು ಅಗಲಿದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಒಂದೇ ಪಾತ್ರದ ಅರ್ಥವನ್ನು ಎರಡು ರಾತ್ರಿ ಹೇಳಿದರೆ ಎರಡೂ ಬೇರೆ ಬೇರೆಯಾಗಿರುತ್ತಿದ್ದವು. ಆ ರಾತ್ರಿಯ ವಾದ ಆ ರಾತ್ರಿಗೇ ಮುಗಿಯಬೇಕಾಗಿದ್ದದ್ದು, ನಿಮ್ಮ ಅಪ್ಪಯ್ಯ ಗುಂಡಿ ಒತ್ತಿದ್ದರಿಂದ ಉಳಿದಿದೆ. ಆದ್ದರಿಂದ ನಿಮ್ಮ ಚಿಂತೆಯೆಲ್ಲ ಮೊದಲು ಆ 60 ಕ್ಯಾಸೆಟ್‌ಗಳ ಮೇಲಿರಲಿ. ಅವುಗಳ ಮಟ್ಟಿಗೆ ಭೌತಿಕ ಪ್ರತಿಯೂ ಬೇಕು, ಡಿಜಿಟಲ್ ಪ್ರತಿಯೂ ಬೇಕು. ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಡುವ ಪ್ರಶ್ನೆಯೇ ಇಲ್ಲ.

ಏಕೆಂದರೆ ನಮ್ಮ ಹವೆಯಲ್ಲಿ ಕ್ಯಾಸೆಟ್ ತಾನಾಗಿಯೇ ಉಳಿಯುವುದಿಲ್ಲ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಕೂರಿಸಿರುತ್ತಾರೆ. ಧ್ವನಿಯಿರುವುದು ಆ ಪುಡಿಯಲ್ಲಿ, ಸೋಲುವುದು ಬಹುಮಟ್ಟಿಗೆ ಅಂಟು. ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ, ಅದರಲ್ಲೂ ಆಟಿ ತಿಂಗಳಿನಲ್ಲಿ, ಗಾಳಿಯ ತೇವ ಆ ಅಂಟನ್ನು ಸಡಿಲಗೊಳಿಸುತ್ತದೆ ಮತ್ತು ಬೂಸ್ಟು ಹಿಡಿಸುತ್ತದೆ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯ ಬಿಸಿಗೆ ವಸ್ತುಗಳು ಒಣಗಿರುತ್ತಿದ್ದವು. ಗ್ಯಾಸ್ ಒಲೆ ಬಂದ ಮೇಲೆ ಅದೇ ಅಟ್ಟ ತೇವದ ಗೂಡಾಗಿದೆ. ಹಾಗಾಗಿ ಪ್ರತಿಯೊಂದು ಕ್ಯಾಸೆಟನ್ನೂ ಬೆಳಕಿಗೆ ಹಿಡಿದು, ನಡುವಿನ ಕಿಟಕಿಯಲ್ಲಿ ಕಾಣುವ ಸುರುಳಿಯ ಅಂಚನ್ನು ನೋಡಿ. ಅದು ನುಣುಪಾದ ಕಂದು ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ಬಿಳಿಯ ಹಿಟ್ಟು ಉದುರಿಸಿದಂತೆ ಕಂಡರೆ ಅದು ಬೂಸ್ಟು. ಅಂಥದ್ದನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬೇಡಿ, ಯಂತ್ರದ ಹೆಡ್‌ನಿಂದ ಅದು ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅವನ್ನು ಬೇರೆ ಡಬ್ಬಿಯಲ್ಲಿಟ್ಟು, ತಿಳಿದವರಿಂದ ಶುಚಿ ಮಾಡಿಸಿದ ಮೇಲೆಯೇ ಕೇಳಬೇಕು. ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ: ಕ್ಯಾಸೆಟಿನ ಬೆನ್ನಿನ ಎರಡು ತುದಿಗಳಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಮೇಲೆ ಯಾರಾದರೂ ಮರೆತು ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಯುವುದಿಲ್ಲ.

ಮೂಲವನ್ನು ಬಿಸಾಡಬೇಡಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ನನ್ನ ಮನೆಯಲ್ಲೇ ನಡೆದದ್ದು ಕಾರಣ. ನನ್ನ ಸೋದರಮಾವ ನಮ್ಮ ಮನೆಯ ಚಾವಡಿಯಲ್ಲಿ ಅರ್ಥ ಹೇಳಿದ್ದ ಒಂದೇ ಒಂದು ಕ್ಯಾಸೆಟನ್ನು 2004ರಲ್ಲಿ ಅಂಗಡಿಯೊಂದರಲ್ಲಿ ಸಿಡಿಗೆ ಇಳಿಸಿಕೊಂಡೆ. ಸಿಡಿ ಹೊಳೆಯುತ್ತಿತ್ತು, ಕ್ಯಾಸೆಟ್ ಸವೆದಿತ್ತು. ಕ್ಯಾಸೆಟನ್ನು ಗುಜರಿಗೆ ಹಾಕಿದೆ. ಒಂಬತ್ತು ವರ್ಷಗಳ ಬಳಿಕ ಮಾವನ ಉತ್ತರಕ್ರಿಯೆಯ ದಿನ ಎಲ್ಲರಿಗೂ ಕೇಳಿಸೋಣವೆಂದು ಹಾಕಿದರೆ ಸಿಡಿ ಓದಲೇ ಇಲ್ಲ. ಮನೆಯಲ್ಲಿ ಬರೆದುಕೊಳ್ಳುವ ಸಿಡಿಯಲ್ಲಿ ಧ್ವನಿಯನ್ನು ಹಿಡಿದಿಡುವುದು ತೆಳುವಾದ ಬಣ್ಣದ ಪದರ, ಅದು ಬೆಳಕಿಗೂ ಸೆಕೆಗೂ ಮಾಸುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಅತ್ತೆ ಏನೂ ಹೇಳಲಿಲ್ಲ. ಖಾಲಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅದರ ಚೀಟಿಯ ಮೇಲಿದ್ದ ಮಾವನ ಅಕ್ಷರವನ್ನು ನೋಡುತ್ತ ಕುಳಿತರು. ಆ ಚೀಟಿ ಈಗಲೂ ನನ್ನ ಮೇಜಿನ ಡ್ರಾವರಿನಲ್ಲಿದೆ.

ಡಿಸ್ಕಿಗೆ ಏರಿಸುವ ಕೆಲಸದಲ್ಲಿ ಅವಸರ ಸಲ್ಲದು. ಕ್ಯಾಸೆಟ್ ಓಡುವಷ್ಟೇ ಹೊತ್ತು ಪ್ರತಿ ಮಾಡುವುದಕ್ಕೂ ಬೇಕು. ದಿನಕ್ಕೆ ಎರಡರಂತೆ ಮಾಡಿದರೆ 60 ಕ್ಯಾಸೆಟ್‌ಗಳಿಗೆ ಒಂದು ತಿಂಗಳು. ಅಂಗಡಿಯವರಿಗೆ ಕೊಡುವುದಾದರೆ ಮೊದಲು ಒಂದನ್ನು ಮಾತ್ರ ಕೊಡಿ. ಧ್ವನಿಯನ್ನು ಕುಗ್ಗಿಸುವ ಎಂಪಿ3 ಅಲ್ಲ, ಕುಗ್ಗಿಸದ ಡಬ್ಲ್ಯುಎವಿ ರೂಪದಲ್ಲಿ, 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಬೇಕೆಂದು ಕೇಳಿ. ಧ್ವನಿ ಸಂಗ್ರಹಾಲಯಗಳು ಕನಿಷ್ಠವೆಂದು ಇಟ್ಟುಕೊಂಡಿರುವ ಮಟ್ಟ ಅದು, ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ. ಬಂದ ಪ್ರತಿಯಲ್ಲಿ ಭಾಗವತರ ತಾಳದ ಸದ್ದನ್ನು ಗಮನವಿಟ್ಟು ಕೇಳಿ. ಅದು ಠಣ್ಣೆಂದು ಕೇಳಿಸದೆ ಬಟ್ಟೆಯೊಳಗಿನಿಂದ ಬಂದಂತಿದ್ದರೆ, ಯಂತ್ರದ ಹೆಡ್ ನಿಮ್ಮ ಟೇಪಿಗೆ ಸರಿಯಾದ ಕೋನದಲ್ಲಿ ಕುಳಿತಿಲ್ಲವೆಂದು ಅರ್ಥ. ಒಂದು ಸ್ಕ್ರೂವನ್ನು ತುಸು ತಿರುಗಿಸಿದರೆ ಅದು ಸರಿಹೋಗುತ್ತದೆ. ಇದೇ ಕಾರಣಕ್ಕೆ ಅಪ್ಪಯ್ಯನ ಟೇಪ್‌ರೆಕಾರ್ಡರನ್ನು ಮನೆಯ ಸಾಮಾನಿನ ಜೊತೆ ಮಾರಿಬಿಡಬೇಡಿ. ಆ ಕ್ಯಾಸೆಟ್‌ಗಳು ತಾವು ಹುಟ್ಟಿದ ಯಂತ್ರದಲ್ಲಿ ಚೆನ್ನಾಗಿ ನುಡಿಯುತ್ತವೆ. ಒಳಗಿನ ರಬ್ಬರ್ ಬೆಲ್ಟ್ ಹೋಗಿದ್ದರೆ ಬದಲಾಯಿಸಬಹುದು. ಅಂಗಡಿಯವರು ‘ಗುಸುಗುಸು ತೆಗೆದು ಕ್ಲೀನ್ ಮಾಡಿ ಕೊಡುತ್ತೇವೆ’ ಎಂದರೆ, ಮೊದಲು ಏನನ್ನೂ ತೆಗೆಯದ ಪ್ರತಿಯೊಂದನ್ನು ಕೊಡಲು ಹೇಳಿ. ಆ ಸದ್ದಿನ ಜೊತೆ ಚಪ್ಪರದ ಮೇಲಿನ ಮಳೆಯೂ ಸಭೆಯ ಚಪ್ಪಾಳೆಯ ಕೊನೆಯೂ ಹೋಗಿಬಿಡುತ್ತವೆ.

ಪ್ರತಿ ಸಿದ್ಧವಾದ ಮೇಲೆ ಡಿಸ್ಕ್ ಒಂದೇ ಇದ್ದರೆ ಸಾಲದು. ಎರಡು ಡಿಸ್ಕ್‌ಗಳಿರಲಿ, ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ತಮ್ಮನ ಅಥವಾ ತಂಗಿಯ ಮನೆಯಲ್ಲಿ. ಸಾಧ್ಯವಾದರೆ ಕ್ಲೌಡಿನಲ್ಲಿ ಮೂರನೆಯದು. ವರ್ಷಕ್ಕೊಮ್ಮೆ, ಅಷ್ಟಮಿಗೋ ದೀಪಾವಳಿಗೋ ಎಲ್ಲರೂ ಸೇರಿದಾಗ, ಡಿಸ್ಕನ್ನು ತೆರೆದು ಹತ್ತಾರು ಕಡೆ ಕೇಳಿ ನೋಡಿ, ಆರೇಳು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ಪ್ರತಿ ಮಾಡಿ. ಇದು ನಮಗೆ ಹೊಸ ಕಷ್ಟವೇನೂ ಅಲ್ಲ. ತಾಳೆಗರಿಯ ಪ್ರಸಂಗಗಳು ಹುಳ ಹಿಡಿಯುವ ಮೊದಲು ಯಾರೋ ಒಬ್ಬರು ಕುಳಿತು ಹೊಸ ಗರಿಗೆ ಬರೆದುಕೊಂಡದ್ದರಿಂದಲೇ ನಮ್ಮವರೆಗೆ ಬಂದವು. ಕ್ಯಾಸೆಟಿನ ಒಳಚೀಟಿಯ ಫೋಟೊ ತೆಗೆದು ಧ್ವನಿಯ ಜೊತೆಗೇ ಇಡಿ. ಪ್ರಸಂಗ, ಅರ್ಥಧಾರಿಗಳು (ಅರ್ಥ ಹೇಳಿದವರು), ಊರು, ದಿನಾಂಕ ಇಷ್ಟೂ ಕಡತದ ಹೆಸರಿನಲ್ಲೇ ಇರಲಿ. ‘ಟ್ರ್ಯಾಕ್ 1’ ಎಂಬ ಹೆಸರಿನಿಂದ ಮೊಮ್ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಕ್ಯಾಸೆಟ್‌ಗಳನ್ನು ಪೂರ್ತಿ ಸುತ್ತಿ, ನಿಲ್ಲಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. 60 ಕ್ಯಾಸೆಟ್‌ಗಳಿಗೆ ಎರಡು ಡಬ್ಬಿ ಸಾಕು, ಫ್ಲ್ಯಾಟಿನಲ್ಲಿ ಅಷ್ಟು ಜಾಗ ಖಂಡಿತ ಇರುತ್ತದೆ.

ಉಳಿದ 120ರಲ್ಲಿ ನಿಮಗೆ ಪ್ರಿಯವಾದವನ್ನು ಇಟ್ಟುಕೊಂಡು ಮಿಕ್ಕವನ್ನು ಆಸಕ್ತರಿಗೆ ಕೊಡಿ. ಪ್ರಿಯವಾದವನ್ನು ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ. ಯೂಟ್ಯೂಬಿಗೆ ಏರಿಸುವುದು ಮಾತ್ರ ಬೇರೆ ವಿಷಯ: ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಅಪ್ಪಯ್ಯನ ತಾಳಮದ್ದಳೆಗಳನ್ನು ಹಂಚಿಕೊಳ್ಳುವ ಮನಸ್ಸಾದರೆ ಅರ್ಥಧಾರಿಗಳನ್ನೋ ಅವರ ಮನೆಯವರನ್ನೋ ಕೇಳಿಯೇ ಮುಂದುವರಿಯಿರಿ. ಉಡುಪಿಯ ಯಕ್ಷಗಾನ ಕೇಂದ್ರದವರಲ್ಲಿ ಅಥವಾ ಮಂಗಳೂರು ವಿಶ್ವವಿದ್ಯಾನಿಲಯದ ಯಕ್ಷಗಾನ ಅಧ್ಯಯನ ಕೇಂದ್ರದವರಲ್ಲಿ ಮಾತಾಡಿ, ಒಂದು ಪ್ರತಿ ಅವರಿಗೆ ಬೇಕೇ ಎಂದು ವಿಚಾರಿಸಬಹುದು. ಚೀಟಿಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು ಹೋಗಿ.

ಆಲ್ಬಮ್‌ಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ಅಂಟುಹಾಳೆಯ ಆಲ್ಬಮ್ ಆಗಿದ್ದರೆ ಫೋಟೊಗಳನ್ನು ಮೆಲ್ಲಗೆ ಬಿಡಿಸಿ ಕಾಗದದ ಲಕೋಟೆಗಳಿಗೆ ಹಾಕಿ, ಏಕೆಂದರೆ ಆ ಅಂಟೇ ಚಿತ್ರವನ್ನು ತಿನ್ನುತ್ತದೆ. ಪುಸ್ತಕಗಳಲ್ಲಿ, ಅಂಚಿನಲ್ಲಿ ಅಪ್ಪಯ್ಯ ಏನಾದರೂ ಬರೆದಿರುವವನ್ನು ನಿಮ್ಮಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಈಗಲೂ ಸಿಗುವವನ್ನು ಶಾಲೆಗೋ ವಾಚನಾಲಯಕ್ಕೋ ಕೊಟ್ಟರೆ ಓದುವವರ ಕೈ ಸೇರುತ್ತವೆ.

ಪ್ರಶ್ನೆ: ನಾನು ಸುರತ್ಕಲ್ಲಿನ ವಿದ್ಯಾರ್ಥಿ. ಪುಸ್ತಕ, ಹಾಡು, ಸಿನಿಮಾ ಎಲ್ಲವನ್ನೂ ಫೋನಿನಲ್ಲೇ ಕೊಳ್ಳುತ್ತೇನೆ. ಸಿಡಿ, ಪುಸ್ತಕ ಕೊಂಡು ಕೋಣೆ ತುಂಬಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ?

ಉತ್ತರ: ಬಾಡಿಗೆ ಕೋಣೆಯಲ್ಲಿರುವವರಿಗೆ ಫೋನ್ ಅನುಕೂಲವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಕೊಳ್ಳುತ್ತೇನೆ’ ಎಂದು ಬರೆದಿದ್ದೀರಿ. ಹೆಚ್ಚಿನ ಕಡೆ ನೀವು ಪಡೆಯುತ್ತಿರುವುದು ಬಳಸುವ ಅನುಮತಿ ಮಾತ್ರ. 2009ರಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಗ್ರಾಹಕರ ಕಿಂಡಲ್‌ಗಳಿಂದಲೇ ಕೆಲವು ಪುಸ್ತಕಗಳನ್ನು ಅಳಿಸಿ ಹಣ ಹಿಂತಿರುಗಿಸಿತು. 2019ರಲ್ಲಿ ಮೈಕ್ರೊಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಕೊಂಡಿದ್ದ ಪುಸ್ತಕಗಳೂ ತೆರೆಯದಾದವು. ಅಲ್ಲಿಯೂ ಹಣ ಮರಳಿತು. ಹಣ ಮರಳಿದರೂ ನೀವು ಗೆರೆ ಎಳೆದು, ಟಿಪ್ಪಣಿ ಬರೆದುಕೊಂಡಿದ್ದ ಆ ಪುಸ್ತಕ ಮರಳುವುದಿಲ್ಲ. ಒಮ್ಮೆ ಓದಿ ಬಿಡುವಂಥದ್ದನ್ನು ಫೋನಿನಲ್ಲೇ ಓದಿ. ಮತ್ತೆ ಮತ್ತೆ ತೆರೆಯುವ ಹತ್ತು ಪುಸ್ತಕಗಳನ್ನು ಕಾಗದದಲ್ಲೇ ಇಟ್ಟುಕೊಳ್ಳಿ, ಅಥವಾ ಯಾವ ಬೀಗವೂ ಇಲ್ಲದೆ ಕಡತವಾಗಿಯೇ ಇಳಿಸಿಕೊಳ್ಳಲು ಬಿಡುವ ಕಡೆ ಕೊಳ್ಳಿ.

ನಿಮ್ಮ ಫೋಟೊಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ವರ್ಷ ಬಳಸದ ಖಾತೆಯನ್ನು, ಅದರಲ್ಲಿರುವ ಫೋಟೊಗಳ ಸಮೇತ, ಅಳಿಸಬಹುದೆಂಬುದು ಗೂಗಲ್‌ನ ಈಗಿನ ನಿಯಮ. ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಮೊದಲೇ ಹೇಳಿಡುವ ಸೌಲಭ್ಯವೂ ಅಲ್ಲೇ ಇದೆ. ಮನೆಯ ಒಬ್ಬರ ಹೆಸರನ್ನು ಅದರಲ್ಲಿ ಸೇರಿಸಿ; ಅಮ್ಮನ ಖಾತೆಗೂ ನೀವೇ ಕುಳಿತು ಮಾಡಿಕೊಡಿ.

ಪ್ರಶ್ನೆ: ಕಟಪಾಡಿಯ ನಿವೃತ್ತ ಅಧ್ಯಾಪಕ ನಾನು. ಇಪ್ಪತ್ತು ವರ್ಷಗಳ ಹಿಂದೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ನನ್ನ ಲೇಖನಗಳು ಕಂಪ್ಯೂಟರಿನಲ್ಲಿವೆ. ಮುದ್ರಿಸಿಟ್ಟ ಹಾಳೆಗಳನ್ನು ಇನ್ನು ತೆಗೆದುಬಿಡಬಹುದೇ?

ಉತ್ತರ: ಸ್ವಲ್ಪ ತಡೆಯಿರಿ, ಸರ್. ಆಗಿನ ನುಡಿ, ಬರಹ, ಶ್ರೀಲಿಪಿಗಳ ಕಡತಗಳಲ್ಲಿ ಇರುವುದು ಕನ್ನಡದ ಅಕ್ಷರವಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿದ ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ನಿಮ್ಮ ಲೇಖನ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಎಲ್ಲವನ್ನೂ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಅದಕ್ಕೆ ಉಚಿತ ತಂತ್ರಾಂಶಗಳಿವೆ. ಪರಿವರ್ತನೆಯಲ್ಲಿ ಅರ್ಕಾವೊತ್ತು ಪದೇ ಪದೇ ತಪ್ಪುತ್ತದೆ, ಏಕೆಂದರೆ ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ‘ಸೂರ್ಯ’, ‘ಅರ್ಥ’, ‘ಕಾರ್ಯ’ದಂಥ ಪದಗಳನ್ನು ಹುಡುಕಿ, ಮುದ್ರಿತ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ತಾಳೆ ನೋಡಿ. ಹಾಳೆಯ ಅಗತ್ಯ ಇರುವುದು ಅಲ್ಲಿಯೇ.