ಹಮಾಮಿನ ಚಾವಣಿಯ ನಕ್ಷತ್ರಗಳು
ಸ್ಪೇನಿನ ಗ್ರಾನಡಾದ ಅಲ್ಹಂಬ್ರ ಅರಮನೆಯ ಹಮಾಮಿನ, ಅಂದರೆ ಹಬೆಸ್ನಾನದ ಮನೆಯ, ಚಾವಣಿಯಲ್ಲಿ ನಕ್ಷತ್ರದಂಥ ತೂತುಗಳೇಕೆ, ಮಳೆ ಒಳಗೆ ಬೀಳುತ್ತಿರಲಿಲ್ಲವೇ ಎಂದು ಕೇಳಿದ್ದೀರಿ. ಇಲ್ಲ, ಅವಕ್ಕೆ ಬಣ್ಣದ ಗಾಜು ಕೂರಿಸಿರುತ್ತಿದ್ದರು. ಬಿಸಿ ಸೋರಿಹೋಗದಂತೆ ಗೋಡೆಗೆ ಕಿಟಕಿ ಇಡುತ್ತಿರಲಿಲ್ಲ. ಬೆಳಕು ಮೇಲಿನಿಂದಲೇ ಬರಬೇಕು. ಹಬೆ ಹೆಚ್ಚಾದರೆ ಆಳುಗಳು ಹೊರಗಿನಿಂದ ಗಾಜು ತೆರೆಯುತ್ತಿದ್ದರು.

ನನಗೆ ಅದಕ್ಕಿಂತ ಸೋಜಿಗವೆನಿಸುವುದು ನೆಲ. ಅಮೃತಶಿಲೆಯ ಹಾಸಿನಡಿ ಟೊಳ್ಳು ಜಾಗ, ಅದರೊಳಗೆ ಒಲೆಯ ಬಿಸಿಗಾಳಿ. ರೋಮನ್ನರಿಂದ ಬಂದ ಉಪಾಯವಿದು. ನಮ್ಮ ಬಚ್ಚಲೊಲೆ ಹಂಡೆಯ ನೀರನ್ನಷ್ಟೇ ಕಾಯಿಸುತ್ತದೆ. ಅಲ್ಲಿ ಅದೇ ಬೆಂಕಿಗೆ ನೀರೂ ಕಾಯುತ್ತಿತ್ತು, ನೆಲವೂ ಕಾಯುತ್ತಿತ್ತು. ಮರದ ಅಟ್ಟೆಯ ಚಪ್ಪಲಿ ಮೆಟ್ಟಿ ಓಡಾಡುತ್ತಿದ್ದದ್ದು ಸುಮ್ಮನೆ ಅಲ್ಲ!

ಹೋದರೆ ದಾರೊ ನದಿಯ ಪಕ್ಕದ ಬಾನ್ಯುವೆಲೊ ಕೂಡ ನೋಡಿ. ಅರಮನೆಯದಲ್ಲ, ಊರ ಜನರ ಹಮಾಮು, ಅಲ್ಹಂಬ್ರದ್ದಕ್ಕಿಂತ ಹಳೆಯದು.